ಅಮ್ಮನ ಹೆಸರಲ್ಲಿ ಒಂದು ಬಾಬಿನ್

ಅವಳನ್ನ ಅಂಗಡಿಯಲ್ಲಿ ಎಲ್ಲರೂ ಕರೀತಿದ್ದದ್ದು ಒರೆಸೋ ಅಕ್ಕ ಅಂತ. ಹೆಸರಿಟ್ಟವನು ಯಜಮಾನ. ಹಳೇ ಹೊಲಿಗೆ ಯಂತ್ರದ ಬಿಡಿಭಾಗ ಮಾರೋ ಅಂಗಡಿ ಅದು. ಗಿರಾಕಿಗಳೆಲ್ಲ ದೂರದೂರಿನವರು, ಆರ್ಡರೆಲ್ಲ ಬರ್ತಿದ್ದದ್ದು ವೆಬ್‌ಸೈಟಿನಿಂದಲೇ, ದುಡ್ಡು ಸಾಮಾನು ತಲುಪಿದ ಮೇಲೆ. ಆ ಸೈಟು ನೋಡಿಕೊಳ್ಳೋದು ಅಕ್ಕನ ಕೆಲಸ. ಚೆನ್ನಾಗಿರೋದನ್ನೇ ದಿನಾ ಒರೆಸ್ತಾಳೆ, ಸುಮ್ಮನೆ ಸಂಬಳ ಅಂತ ಯಜಮಾನ ಬಂದೋರಿಗೆಲ್ಲ ಹೇಳಿ ನಗ್ತಿದ್ದ.

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅವಳು ಗಿರಾಕಿಯ ಹಾಗೆ ಸೈಟಿಗೆ ಹೋಗಿ ದಾರ ಸುತ್ತೋ ಒಂದು ಬಾಬಿನ್ ಆರ್ಡರ್ ಮಾಡ್ತಿದ್ದಳು. ತೀರಿಹೋದ ತನ್ನ ಅಮ್ಮನ ಹೆಸರಲ್ಲಿ. ಆ ಆರ್ಡರಿನ ಚೀಟಿ ಪ್ಯಾಕಿಂಗ್ ಮೇಜಿಗೆ ಬಂತೋ ಇಲ್ಲವೋ ನೋಡಿ, ಬಂದರೆ ರದ್ದು ಮಾಡಿ, ಆಮೇಲೇ ಚಹಾ. ಆ ಮೇಜಿನ ಹತ್ತಿರ ಕೂರ್ತಿದ್ದದ್ದು ಅವಳ ಸ್ವಂತ ತಂಗಿ. ‘ಪರೀಕ್ಷೆಗೆ ಸತ್ತವರ ಹೆಸರೇ ಹಾಕಬೇಕು ಕಣೇ’ ಅಂತ ತಂಗಿಗೆ ಪಾಠ ಬೇರೆ ಹೇಳಿದ್ದಳು. ‘ಬದುಕಿರೋರ ಹೆಸರು ಹಾಕಿದರೆ ಯಾರೋ ಪೆದ್ದ ಪ್ಯಾಕ್ ಮಾಡಿ ಕಳಿಸಿಬಿಡ್ತಾನೆ.’

ಎಂಟು ವರ್ಷ ಏನೂ ಕೆಡಲಿಲ್ಲ. ಅದೇ ಅವಳಿಗೆ ಮುಳುವಾಯಿತು ನೋಡಿ. ಯಜಮಾನನ ಅಳಿಯ ಹೊಸದಾಗಿ ಬಂದು ಕೂತವನು, ಕೆಡದೇ ಇರೋದಕ್ಕೆ ರಿಪೇರಿಯವಳು ಯಾಕೆ ಮಾವ ಅಂದ. ಮಾವನಿಗೂ ಹೌದಲ್ಲ ಅನ್ನಿಸಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಯಾವತ್ತು ಏನು ನೋಡಬೇಕು, ಯಾವುದನ್ನ ಹೊಸದು ಮಾಡಬೇಕು ಅಂತ ಅವಳು ಎರಡು ಹಾಳೆ ತುಂಬ ಬರೆದುಕೊಟ್ಟು ಹೋದಳು. ಅಳಿಯ ಅದನ್ನ ನಾಲ್ಕು ಮಡಿಕೆ ಮಡಿಚಿ ಕುಂಟೋ ಮೇಜಿನ ಕಾಲಿಗೆ ಕೊಟ್ಟ.

ಈ ವಯಸ್ಸಲ್ಲಿ ಅವಳಿಗೆ ಬೇರೆ ಕೆಲಸ ಸಿಗಲಿಲ್ಲ. ಅಕ್ಕತಂಗಿಯರಿಗೆ ಇದ್ದದ್ದು ಒಂದು ಬಾಡಿಗೆ ಕೋಣೆ, ಒಂದು ಒಲೆ. ಈಗ ಆ ಒಲೆ ಉರೀತಿದ್ದದ್ದು ತಂಗಿಯ ಕೆಲಸದ ಮೇಲೆ. ತಂಗಿ ಒಂದು ದಿನಕ್ಕೂ ಅದನ್ನ ಎತ್ತಿ ಆಡಿದವಳಲ್ಲ.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಹದಿನೇಳನೇ ತಾರೀಖು, ಕೈ ತುರಿಕೆ ತಡೀಲಾರದೆ ಅಕ್ಕ ಅಮ್ಮನ ಹೆಸರಲ್ಲಿ ಬಾಬಿನ್ ಆರ್ಡರ್ ಮಾಡಿದಳು. ಪರದೆ ಮೇಲೆ ‘ಧನ್ಯವಾದ’ ಬಂತು. ಆದರೆ ಅವಳ ಮೇಲ್‌ಗೆ ಬರಬೇಕಾದ ಉತ್ತರ ಬರಲಿಲ್ಲ. ತಂಗಿಗೆ ಫೋನ್ ಮಾಡಿ ಚೀಟಿ ಏನಾದರೂ ಬಂತಾ ಅಂತ ಕೇಳಿದಳು. ಇಲ್ಲ, ಇವತ್ತು ಬೆಳಿಗ್ಗೆಯಿಂದ ಒಂದೂ ಇಲ್ಲ, ಯಾಕೆ ಅಂದಳು ತಂಗಿ. ಸುಮ್ಮನೆ ಅಂದಳು ಅಕ್ಕ.

ಗೊತ್ತಾಗಿಹೋಯಿತು. ಸೈಟು ಆರ್ಡರ್ ನುಂಗ್ತಿದೆ, ಮೇಜಿಗೆ ಕಳಿಸ್ತಿಲ್ಲ. ಗಿರಾಕಿ ಕೇಳೋಣ ಅಂದರೆ ಸೈಟಲ್ಲಿರೋ ಫೋನ್ ನಂಬರು ಸತ್ತು ತಿಂಗಳಾಗಿದೆ, ತಿದ್ದೋರು ಯಾರು? ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅವತ್ತು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಅನುಭವಿಸಲಿ ಮಾವ ಅಳಿಯ ಇಬ್ಬರೂ ಅಂದುಕೊಂಡು ಎರಡು ತುತ್ತು ಜಾಸ್ತಿಯೇ ಉಂಡಳು. ಆಮೇಲೆ ದಿನಾ ಸಂಜೆ ತಂಗಿ ಬಂದು, ವ್ಯಾಪಾರವೇ ಬಿದ್ದುಹೋಯಿತು ಕಣೇ ಅಂತ ಹೇಳಿದಾಗಲೂ ಹೌದಾ ಅಂತ ಅಷ್ಟೇ ಅಂದಳು.

ಮೂವತ್ತನೇ ತಾರೀಖು ತಂಗಿ ಮಧ್ಯಾಹ್ನವೇ ಮನೆಗೆ ಬಂದಳು. ಊಟದ ಡಬ್ಬಿ ತೆರೆದಿರಲಿಲ್ಲ. ಪ್ಯಾಕ್ ಮಾಡೋಕೇ ಏನಿಲ್ಲ, ನಿನಗ್ಯಾಕೆ ಸಂಬಳ ಅಂತ ಅಳಿಯ ಎಲ್ಲರೆದುರಿಗೆ ಅಂದನಂತೆ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳೋರನ್ನ ನೋಡಿದ್ದೀವಿ. ಇವಳು ಹಾಕಿದ್ದು ತಂಗಿಯ ಕಾಲ ಮೇಲೆ.

ಮರುದಿನ ಬೆಳಿಗ್ಗೆಯೇ ಅಕ್ಕ ಅಂಗಡಿಗೆ ಓಡಿದಳು. ಸೈಟು ಕೆಟ್ಟಿದೆ, ಸರಿಮಾಡಿಕೊಡ್ತೀನಿ, ತಂಗಿಯನ್ನ ವಾಪಸ್ ತಗೊಳ್ಳಿ ಅಂತ ಕೈಮುಗಿದಳು. ಹತ್ತು ನಿಮಿಷದ ಕೆಲಸ. ಒಳಗೆ ಸಿಕ್ಕಿಕೊಂಡಿದ್ದ ಆರ್ಡರುಗಳೆಲ್ಲ ದಬದಬ ಮೇಜಿಗೆ ಬಿದ್ದವು, ಆರುನೂರಕ್ಕೂ ಮೇಲೆ. ಅಮ್ಮನದೂ ಅವುಗಳ ಜೊತೆ ಬರುತ್ತೆ ಅನ್ನೋದು, ಎಂಟು ವರ್ಷ ಬಂದ ಚೀಟಿಯನ್ನೆಲ್ಲ ರದ್ದು ಮಾಡಿದವಳಿಗೆ, ಅವಸರದಲ್ಲಿ ಹೊಳೆಯಲೇ ಇಲ್ಲ.

ಯಜಮಾನ ಒಂದೊಂದೇ ನೋಡ್ತಾ ಹೋದವನು ಒಂದು ಚೀಟಿ ಹತ್ತಿರ ನಿಂತ. ಎಂಟು ವರ್ಷ ದಿನಾ ಕಂಡಿದ್ದ ಹೆಸರು. ನಕ್ಕ. ತಂಗಿಯನ್ನ ಕರೆಸಿ, ಬೈಯಲೂ ಇಲ್ಲ, ಆ ಚೀಟಿಯನ್ನ ಅವಳ ಕೈಗೆ ಇಟ್ಟ.

ತಂಗಿ ಅಮ್ಮನ ಹೆಸರು ಓದಿದಳು. ಅದರ ಕೆಳಗಿನ ತಾರೀಖು ಓದಿದಳು.

‘ಹದಿಮೂರು ದಿನ ನನ್ನ ಜೊತೆ ಕೂತು ಉಂಡೆಯಲ್ಲ’ ಅಂದಳು.

ತಂಗಿ ಅವತ್ತೇ ಬಟ್ಟೆ ಗಂಟು ಕಟ್ಟಿಕೊಂಡು ಬೇರೆ ಕೋಣೆಗೆ ಹೋದಳು. ಯಜಮಾನ ಅವಳನ್ನ ಕೆಲಸಕ್ಕೆ ವಾಪಸ್ ತಗೊಂಡ, ಸೈಟು ಒರೆಸೋದನ್ನೂ ಅವಳಿಗೇ ವಹಿಸಿದ. ಮೇಜಿನ ಕಾಲಡಿಯ ಹಾಳೆ ಕಿತ್ತು ಬಿಡಿಸಿ ಕೊಟ್ಟ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈಗ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ಮೇಲ್‌ಗೆ ಆ ಅಂಗಡಿಯಿಂದ ಒಂದು ಕಾಗದ ಬರುತ್ತೆ. ನಿಮ್ಮ ಒಂದು ಬಾಬಿನ್ ಆರ್ಡರ್ ತಲುಪಿದೆ, ರದ್ದಾಗಿದೆ, ಧನ್ಯವಾದ ಅಂತ. ಮೇಲೆ ಗಿರಾಕಿಯ ಹೆಸರಿರುತ್ತೆ. ಅಮ್ಮನದಲ್ಲ, ಅಕ್ಕನದು.