ಕರೆಂಟು ನನ್ನದಲ್ಲ, ಕಾಯಿಲ್ ನನ್ನದು

ಒಳ್ಳೆಯ ಮಾತು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮಾತಿನ ಮೇಲೆ ನನಗೇನೂ ಸಿಟ್ಟಿಲ್ಲ. ಅದನ್ನು ಹೇಳುವ ಬಾಯಿಯ ಮೇಲೆ ಇದೆ.

ಈ ಸಿಟ್ಟು ಶುರುವಾಗಿದ್ದು ನಾನು ಏಳನೇ ತರಗತಿಯಲ್ಲಿದ್ದಾಗ. ನಮ್ಮೂರ ಶಾಲೆಗೆ ಮಸ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಮಾಸ್ತರರೊಬ್ಬರಿದ್ದರು. ದಿನಾ ಕರಿಹಲಗೆಯ ನೆತ್ತಿಯ ಮೇಲೆ ದೊಡ್ಡವರ ಒಂದು ಮಾತು ಬರೆಯುತ್ತಿದ್ದರು. ಒಂದು ದಿನ ಹೊತ್ತಿನ ಬೆಲೆಯ ಬಗ್ಗೆ ಬರೆದಿದ್ದರು. ಎಮ್ಮೆಗೆ ಮೇವು ಹೊತ್ತು ಹಾಕಿ ಬರುವಷ್ಟರಲ್ಲಿ ನನಗೆ ತಡವಾಗಿತ್ತು. ಅದನ್ನೇ ನೂರು ಸಲ ಬರೆಸಿದರು. ಮರುದಿನ ಬಸ್ಸು ಕೆಟ್ಟಿತೋ ಏನೋ, ಮಾಸ್ತರರು ಬಂದಾಗ ಹನ್ನೊಂದೂವರೆ. ನಾನು ಎದ್ದು ಹೋಗಿ ಸುಣ್ಣದ ಕಡ್ಡಿ ಅವರ ಮುಂದೆ ಹಿಡಿದೆ. ನೂರು ಸಲ ನೀವೂ ಬರೀತೀರೇನ್ರೀ ಎಂದು ಕೇಳಿದೆ. ಬೆನ್ನ ಮೇಲೆ ಬೆತ್ತ ಮುರಿಯಿತು. ಅಪ್ಪನನ್ನು ಕರೆದುಕೊಂಡು ಬಂದರಷ್ಟೇ ಒಳಗೆ ಎಂದರು. ನಾನು ಅಪ್ಪನಿಗೆ ಹೇಳಲೂ ಇಲ್ಲ, ಆ ಶಾಲೆಯ ಮೆಟ್ಟಿಲು ಮತ್ತೆ ಹತ್ತಲೂ ಇಲ್ಲ. ಕಲಿಯಬೇಕಿತ್ತು ಎಂದು ಈಗ ಕೆಲವರು ಮರುಗುತ್ತಾರೆ. ಅವರ ಮರುಕ ನನಗೆ ಬೇಡ.

ಎಂಬತ್ತರ ದಶಕದ ನಡುವಿಗೆ ಲಿಂಗಸೂರಿನಲ್ಲಿ ಮೋಟರ್ ವೈಂಡಿಂಗ್ ಕಲಿಯಲು ನಿಂತೆ. ಪಂಪ್‌ಸೆಟ್ಟಿನ ಮೋಟರ್ ಸುಟ್ಟರೆ ಒಳಗಿನ ಹಳೆಯ ತಾಮ್ರದ ತಂತಿ ಕಿತ್ತು, ಹೊಸ ತಂತಿಯನ್ನು ಸುತ್ತು ಎಣಿಸಿ ಕಾಯಿಲ್ ಮಾಡಿ, ಕೂಡಿಸಿ, ತಂತಿ ಅಲುಗದಂತೆ ವಾರ್ನಿಶ್ ಕುಡಿಸಿ ಒಣಗಿಸಿ ಕೊಡುವ ಕೆಲಸ ಅದು. ನನ್ನ ಉಸ್ತಾದ ಮಾತು ಕಡಿಮೆ ಇದ್ದ ಮನುಷ್ಯ. ಸುತ್ತು ತಪ್ಪಿದರೆ ಬಿದಿರಿನ ಪಟ್ಟಿಯಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ. ಉರ್ದು ಓದುತ್ತಿದ್ದ, ಕನ್ನಡ ಓದಲು ಬರುತ್ತಿರಲಿಲ್ಲ. ಗೋಡೆಗೆ ಮಾತ್ರ ದಿನಕ್ಕೊಂದು ಹಾಳೆ ಹರಿಯುವ ಕನ್ನಡದ ಕ್ಯಾಲೆಂಡರ್ ತೂಗುಹಾಕಿದ್ದ, ಯಾರೋ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಪ್ರತಿ ಹಾಳೆಯ ಕೆಳಗೆ ಒಬ್ಬ ತತ್ವಜ್ಞಾನಿಯ ಮಾತು ಇರುತ್ತಿತ್ತು. ಬೆಳಿಗ್ಗೆ ಹಾಳೆ ಹರಿದು ನನ್ನ ಕೈಗೆ ಕೊಡುತ್ತಿದ್ದ. ನಾನು ಓದಬೇಕು, ಅರ್ಥ ಹೇಳಬೇಕು. ಕೇಳಿ ಒಂದೇ ಮಾತು ಹೇಳುತ್ತಿದ್ದ: "ಸಂಜೀತನಕ ನೋಡೋಣು, ಖರೇ ಏನು ಸುಳ್ಳ ಏನು."

ಸಂಜೆ ಅಂಗಡಿ ಮುಚ್ಚುವಾಗ ಅವನ ತೀರ್ಪು. ಆ ದಿನದ ಕೆಲಸದಲ್ಲಿ ಆ ಮಾತು ತಾಳಿತು ಎನಿಸಿದರೆ ಹಾಳೆ ಮಡಚಿ ಡಬ್ಬಿಯೊಳಗೆ ಇಡುತ್ತಿದ್ದ. ಇಲ್ಲದಿದ್ದರೆ ಅದರಿಂದಲೇ ಕೈಗೆ ಹತ್ತಿದ ವಾರ್ನಿಶ್ ಒರೆಸಿ ಬಿಸಾಕುತ್ತಿದ್ದ. ಎಷ್ಟೆಷ್ಟು ದೊಡ್ಡವರ ಮಾತುಗಳು ಹಾಗೆ ಒರೆಸಿಕೊಂಡು ಹೋದವೋ. ನನಗೆ ಅದನ್ನು ನೋಡುವುದೇ ಒಂದು ಸುಖ. ಮಾಸ್ತರರ ಹಲಗೆಯ ಮೇಲಿದ್ದದ್ದನ್ನೆಲ್ಲ ಒರೆಸಿದಂತೆ ಅನಿಸುತ್ತಿತ್ತು.

ನಾಲ್ಕು ವರ್ಷ ಅಲ್ಲಿದ್ದೆ. ಆ ಡಬ್ಬಿಯ ಮಾತುಗಳಲ್ಲಿ ನನಗೆ ಹಿಡಿದದ್ದು ಒಂದು. ನಿನ್ನ ಕೈಯಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರೆ ಮಾಡಿಕೋ, ಇಲ್ಲದ್ದಕ್ಕೆ ಕೊರಗಬೇಡ ಎಂಬ ಅರ್ಥದ್ದು. ಯಾವ ದೇಶದವನು ಹೇಳಿದ್ದೋ ನೆನಪಿಲ್ಲ. ಅದನ್ನು ನನ್ನ ಕಸುಬಿಗೆ ಹೊಂದಿಸಿಕೊಂಡೆ. ತೊಂಬತ್ತರ ದಶಕ ಶುರುವಾದಾಗ ಸಿಂಧನೂರಿನಲ್ಲಿ ಸ್ವಂತ ಅಂಗಡಿ ಹಾಕಿದ ದಿನ ಬಾಗಿಲ ಪಕ್ಕದ ಹಲಗೆಯ ಮೇಲೆ ನನ್ನ ಕೈಯಿಂದಲೇ ಬರೆದೆ: ಕರೆಂಟು ನನ್ನದಲ್ಲ, ಕಾಯಿಲ್ ನನ್ನದು.

ಬರೆದದ್ದು ಜಂಬದಿಂದಲೇ. ನನ್ನ ಕಾಯಿಲ್ ಅಷ್ಟು ಚೊಕ್ಕ ಇರುತ್ತಿತ್ತು. ಎಣಿಸುವಾಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಊರ ಗೌಡ ಬಂದರೂ ಬಾಗಿಲಲ್ಲಿ ನಿಲ್ಲಬೇಕು. ಅದೇ ಓಣಿಯಲ್ಲಿ ಇನ್ನೂ ಮೂರು ವೈಂಡಿಂಗ್ ಅಂಗಡಿಗಳಿದ್ದವು. ಅವರ ಮೋಟರ್‌ಗಳು ವಾಪಸ್ ಬರುತ್ತಿದ್ದವು, ನನ್ನವು ಬರುತ್ತಿರಲಿಲ್ಲ. ಬಂದರೂ ನಾನು ಹಲಗೆಗೆ ಬೆರಳು ತೋರಿಸುತ್ತಿದ್ದೆ. ಆ ಕಾಲದಲ್ಲಿ ನಾಟಿಯ ಹಂಗಾಮು ಬಂತೆಂದರೆ ಎಲ್ಲರ ಪಂಪೂ ಒಮ್ಮೆಲೇ ಓಡಿ ಕರೆಂಟು ಸತ್ತಂತಾಗುತ್ತಿತ್ತು, ಬಲ್ಬು ಕೆಂಪಗೆ ಮಿಣುಕುತ್ತಿತ್ತು. ಮೋಟರ್ ಸುಡದೆ ಏನು ಮಾಡೀತು. ರೈತರು ಹಲಗೆ ಓದಿ, ಹೌದಪ್ಪಾ ಎಂದು ಸುಮ್ಮನಾಗುತ್ತಿದ್ದರು. ಬರಬರುತ್ತ ಮೋಟರ್ ಬಿಚ್ಚಿ ನೋಡುವ ಮೊದಲೇ ನನ್ನ ಬೆರಳು ಹಲಗೆಯ ಕಡೆ ಹೋಗುತ್ತಿತ್ತು. ಇದು ನನಗೆ ಆಗ ತಿಳಿದಿರಲಿಲ್ಲ.

ಗೊರೇಬಾಳದ ಒಬ್ಬ ಹೆಣ್ಣುಮಗಳ ಮೋಟರ್ ಅಂಥದೊಂದು ಹಂಗಾಮಿನಲ್ಲಿ ಬಂತು. ಐವತ್ತರ ಆಸುಪಾಸು, ಸ್ವತಃ ಬೇಸಾಯ ಮಾಡಿಸುವವಳು. ಅವಳ ಹೊಲ ಎತ್ತರದಲ್ಲಿತ್ತು, ಕಾಲುವೆ ನೀರು ಹತ್ತುತ್ತಿರಲಿಲ್ಲ, ಹಳ್ಳದಿಂದ ಎತ್ತಬೇಕು. ನಾನು ವೈಂಡಿಂಗ್ ಮಾಡಿದೆ. ವಾರ್ನಿಶ್ ಕುಡಿಸಿದ ಮೇಲೆ ಬಲ್ಬು ಹಚ್ಚಿದ ತಗಡಿನ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟು ಒಣಗಿಸುವುದು ನನ್ನ ಪದ್ಧತಿ. ಆ ಎರಡು ದಿನ ಕರೆಂಟೇ ಇರಲಿಲ್ಲ. ಬಾಗಿಲಲ್ಲಿ ಆರೇಳು ಮೋಟರ್ ಸಾಲುಗಟ್ಟಿದ್ದವು. ಬಿಸಿಲಿಗೆ ಇಟ್ಟೆ. ಮೋಡದ ಬಿಸಿಲು. ಉಗುರಿನಿಂದ ಗೀರಿ ನೋಡಿದೆ, ಮೇಲೆ ಗಟ್ಟಿಯಾಗಿತ್ತು. ಒಳಗೆ ಹಸಿ ಇರಬಹುದು ಎಂದು ನನ್ನ ಕೈಗೆ ಗೊತ್ತಿತ್ತು. ಆದರೂ ಕಟ್ಟಿ ಕೊಟ್ಟೆ.

ಹನ್ನೊಂದನೇ ದಿನಕ್ಕೆ ಆಕೆ ಮೋಟರ್ ಅನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದಳು. ಸಸಿ ಮಡಿ ಒಣಗಿತ್ತು. ಮಗ್ಗುಲ ಹೊಲದವರ ಹತ್ತಿರ ಸಸಿ ಬೇಡಿ ಬಂದಿದ್ದಳಂತೆ, ಅವರೊಂದಿಷ್ಟು ಆಡಿಕೊಂಡೇ ಕೊಟ್ಟರಂತೆ. ಅಂಗಡಿಯಲ್ಲಿ ಆಗ ಬೇರೆ ಊರಿನ ಇಬ್ಬರು ರೈತರು ಕೂತಿದ್ದರು. ನಾನು ಕಾಯಿಲ್ ಸುತ್ತುತ್ತಿದ್ದವನು ತಲೆ ಎತ್ತದೆ ಹಲಗೆ ತೋರಿಸಿದೆ.

"ಅದರಾಗ ಏನ್ ಬರದೀಯೋ ನನಗ ಓದಾಕ ಬರಂಗಿಲ್ಲ" ಎಂದಳು. "ಬಂದೋರಿಗೆಲ್ಲ ಅದನ್ನೇ ತೋರಸ್ತೀ ಅಂತ ಗೊತ್ತೈತಿ. ಬಿಚ್ಚು ಮಿಸ್ತ್ರಿ. ನನ್ನ ಮುಂದ ಬಿಚ್ಚು."

ಬಿಚ್ಚಿದೆ. ಬಿಚ್ಚಿದ ಕೂಡಲೇ ನನಗೆ ತಿಳಿಯಿತು. ಕರೆಂಟು ಸೊರಗಿ ಸುಟ್ಟರೆ ಒಳಗಿನ ಕಾಯಿಲ್ ಎಲ್ಲವೂ ಒಂದೇ ಬಣ್ಣಕ್ಕೆ ಸುಡುತ್ತವೆ. ಇಲ್ಲಿ ಒಂದೇ ಒಂದು ಕಾಯಿಲ್ ಇದ್ದಿಲಾಗಿತ್ತು, ಉಳಿದವು ನಾನು ಕೊಟ್ಟಾಗ ಇದ್ದ ಹಳದಿಯಲ್ಲೇ ಇದ್ದವು. ಹಸಿ ವಾರ್ನಿಶಿನಲ್ಲಿ ತಂತಿ ಅಲುಗಾಡಿ ಒಂದಕ್ಕೊಂದು ತಾಗಿದೆ. ಇದು ನಮ್ಮ ಕಸುಬಿನವರಿಗೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ ನನಗೆ. ಮನಸ್ಸಿನೊಳಗೆ ಒಂದು ವಾದವೂ ತಯಾರಾಗಿತ್ತು: ಕರೆಂಟು ಇದ್ದಿದ್ದರೆ ಪೆಟ್ಟಿಗೆಯಲ್ಲಿ ಒಣಗಿಸುತ್ತಿದ್ದೆ, ಹಾಗಾಗಿ ತಪ್ಪು ಕರೆಂಟಿನದೇ. ತತ್ವ ಓದಿಕೊಂಡವನಿಗೆ ಸುಳ್ಳು ಎಷ್ಟು ಹಗುರ ಆಗುತ್ತದೆ ಎಂದು ಆ ದಿನ ಕಂಡುಕೊಂಡೆ.

"ಕರೆಂಟಿನ ಕಾಟ ರೀ ಅಕ್ಕಾ" ಎಂದೆ.

ಆಕೆ ಬಗ್ಗಿ ಒಳಗೆ ನೋಡಿದಳು. ಬೆರಳು ಹಾಕಿ ಕರಿ ಕಾಯಿಲ್ ಮುಟ್ಟಿದಳು, ಮಗ್ಗುಲಿನ ಹಳದಿಯನ್ನು ಮುಟ್ಟಿದಳು. ಆ ಬೆರಳಿಗೆ ಅಂಟು ಹತ್ತಿತು. ಅದನ್ನು ನನ್ನ ಮುಖದ ಮುಂದೆ ಹಿಡಿದಳು.

"ರೊಟ್ಟಿ ಪೂರಾ ಸುಟ್ರ ಒಲಿ ತಪ್ಪು ಅಂತೀನಿ. ಒಂದ ಕಡಿ ಸುಟ್ಟು ಉಳಿದದ್ದು ಹಸಿ ಇದ್ರ, ಮಾಡಿದಾಕಿ ತಪ್ಪು. ಹೌದಲ್ಲೋ?"

ಕೂತಿದ್ದ ರೈತರಲ್ಲೊಬ್ಬ ನಕ್ಕ. ಆ ನಗು ನನ್ನನ್ನು ಕೆಡಿಸಿತು. ರೊಟ್ಟಿ ಮಾಡುವವರು ರೊಟ್ಟಿ ಮಾಡಿರಿ, ಮೋಟರ್ ನನಗೆ ಬಿಡಿರಿ ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥದ್ದಲ್ಲ. ಆಕೆ ಮೋಟರಿನ ಬಾಡಿಯನ್ನು ಬಾಗಿಲ ಮಗ್ಗುಲಿಗೆ ಉರುಳಿಸಿಕೊಂಡು ಅದರ ಮೇಲೆ ಸೆರಗು ಹೊದ್ದು ಕೂತಳು. "ನೀ ಖರೇ ಹೇಳೂತನಕ ಏಳಂಗಿಲ್ಲ" ಎಂದಳು.

ಬಂದ ಗಿರಾಕಿಗಳೆಲ್ಲ ಯಾಕೆ ಕೂತೀಯವ್ವಾ ಎಂದು ಕೇಳುವವರೇ. ಆಕೆ ಎದ್ದು ಪ್ರತಿಯೊಬ್ಬರಿಗೂ ಒಳಗಿನ ಕಾಯಿಲ್ ತೋರಿಸುವವಳೇ. ಕರಿದು ಒಂದು, ಹಳದಿ ಇಷ್ಟು. ಓಣಿಯ ಬೇರೆ ಮಿಸ್ತ್ರಿಗಳು ಚಹಾ ಕುಡಿಯುವ ನೆಪದಿಂದ ಅಡ್ಡಾಡಿ ಹೋದರು. ಅವರಿಗೆ ನೋಡಿದ ತಕ್ಷಣ ಗೊತ್ತಾಗಿತ್ತು, ಆದರೆ ಯಾರೂ ಬಾಯಿ ಬಿಡಲಿಲ್ಲ. ತಮ್ಮ ಮೋಟರ್ ಹೀಗೆ ಬಂದಾಗ ಅವರಿಗೂ ಕರೆಂಟಿನ ನೆಪ ಬೇಕು. ಅವರು ನನ್ನ ಕಡೆ ನಿಂತದ್ದೇ ನನಗೆ ಅವಮಾನ ಎನಿಸಿತು. ನಾನು ಅವರಂತೆ ಅಲ್ಲ ಎಂದು ತಾನೇ ಆ ಹಲಗೆ ಬರೆದದ್ದು. ನನ್ನ ಕೈಯ ಕೆಲಸಕ್ಕೆ ಒಂದು ಹೆಸರಿತ್ತು. ಆ ಹೆಸರು ಹೋದರೆ ಶಾಲೆ ಬಿಟ್ಟ ನನ್ನ ಹತ್ತಿರ ಬೇರೆ ಏನಿತ್ತು? ಅದನ್ನು ಉಳಿಸಿಕೊಳ್ಳಲು ಬೆಳಿಗ್ಗೆಯಿಂದ ಸುಳ್ಳು ಹೇಳುತ್ತಿದ್ದೆ, ಹೇಳಿದಷ್ಟೂ ಅದು ಹೋಗುತ್ತಿತ್ತು.

ಉಸ್ತಾದ ಇದ್ದಿದ್ದರೆ ಬೆರಳಿಗೆ ಹೊಡೆದು ಮುಗಿಸುತ್ತಿದ್ದ.

ನಾಲ್ಕು ಗಂಟೆಯ ಹೊತ್ತಿಗೆ ಎದ್ದು ಹೋಗಿ ಅವಳ ಮುಂದೆ ನಿಂತೆ. ಮೆತ್ತಗೆ ಹೇಳಿದೆ ಎಂದು ಯಾರೂ ತಿಳಿಯಬಾರದು. ಹಲ್ಲು ಕಚ್ಚಿ ಹೇಳಿದೆ. "ತಪ್ಪು ನಂದು. ಹಸಿ ಇದ್ದಾಗ ಕೊಟ್ಟೀನಿ. ಈಗರ ಏಳ್ರಿ."

"ಇದನ್ನ ಹೇಳಾಕ ಮುಂಜಾನಿಂದ ಬೇಕಾತೇನು? ಒಣಗಿದ ಸಸಿಯಂತೂ ತಿರುಗಿ ಬರಂಗಿಲ್ಲ" ಎಂದಳು. "ಕಟ್ಟು. ನಾ ಇಲ್ಲೇ ಕುಂತು ಎಣಸ್ತೀನಿ."

ಅವತ್ತು ಹಳೆಯ ತಂತಿ ಕಿತ್ತೆ. ಮರುದಿನ ಆಕೆ ಮೊದಲ ಬಸ್ಸಿಗೆ ಬಂದಳು, ಗಂಟಿನಲ್ಲಿ ರೊಟ್ಟಿ ಕಟ್ಟಿಕೊಂಡು. ನಾನು ತರಿಸಿದ ಚಹಾ ಆರಿಹೋಯಿತು, ಮುಟ್ಟಲಿಲ್ಲ. ನಾನು ಅಚ್ಚಿನ ಮೇಲೆ ತಂತಿ ಸುತ್ತುತ್ತಿದ್ದರೆ ಎದುರಿಗೆ ಕೂತು ಬಾಯಿ ಬಿಟ್ಟು ಎಣಿಸುತ್ತಿದ್ದಳು. ಎಣಿಸುವಾಗ ಊರ ಗೌಡನನ್ನು ಬಾಗಿಲಲ್ಲಿ ನಿಲ್ಲಿಸಿದವನು ನಾನು, ಅವಳ ದನಿ ಕಿವಿಯೊಳಗೆ ಮೊಳೆ ಹೊಡೆದಂತೆ ಆಗುತ್ತಿತ್ತು. ಒಂದು ಕಾಯಿಲ್ ಮುಗಿದಾಗ ಆಕೆ ಒಂದು ಸುತ್ತು ಕಡಿಮೆ ಬಿದ್ದಿದೆ ಎಂದಳು. ನನ್ನ ಲೆಕ್ಕದಲ್ಲಿ ಸರಿ ಇತ್ತು. ಹದಿನೈದು ವರ್ಷ ಎಣಿಸುತ್ತ ಬಂದವನು ನಾನು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆದರೂ ತಂತಿ ಪೂರಾ ಬಿಚ್ಚಿ ಮೊದಲಿಂದ ಎಣಿಸಿದೆ, ಈ ಸಲ ಇಬ್ಬರೂ ಕೂಡಿ. ನನ್ನ ಲೆಕ್ಕವೇ ಸರಿ ಇತ್ತು. "ಹೂಂ, ನಡೀಲಿ" ಎಂದಳು ಅಷ್ಟೆ. ಗೆದ್ದೆ ಎಂದು ನಾನೂ ಹಿಗ್ಗಲಿಲ್ಲ. ಆ ತಂತಿ ಬಿಚ್ಚುವಾಗ ನನಗೊಂದು ವಿಷಯ ತಿಳಿದಿತ್ತು. ಕೈಯಲ್ಲಿರುವುದು, ಇಲ್ಲದ್ದು ಎಂದು ಬೇರೆ ಮಾಡುವವನು ನಾನೇ ಆದ್ದರಿಂದ ಗೆರೆಯನ್ನು ನನಗೆ ಬೇಕಾದ ಕಡೆ ಎಳೆದುಕೊಂಡಿದ್ದೆ. ಎದುರಿಗೆ ಒಬ್ಬರು ಕೂತು ನೋಡುತ್ತಿದ್ದರೆ ಗೆರೆ ತಾನೇ ಇರಬೇಕಾದ ಕಡೆ ಹೋಗುತ್ತದೆ.

ಬಲ್ಬಿನ ಪೆಟ್ಟಿಗೆಯಲ್ಲಿ ಒಂದಲ್ಲ, ಎರಡು ದಿನ ಒಣಗಿಸಿ ಕೊಟ್ಟೆ. ತೆಗೆದುಕೊಂಡು ಹೋದಳು. ಹೋಗುವಾಗ ಹಲಗೆ ಅಳಿಸು ಎಂದೇನೂ ಹೇಳಲಿಲ್ಲ, ಅದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ.

ನಾನೂ ಅಳಿಸಲಿಲ್ಲ. ಆದರೆ ಆಮೇಲೆ ಯಾವ ಸುಟ್ಟ ಮೋಟರ್ ಬಂದರೂ ಮಾಲಕರನ್ನು ಹತ್ತಿರ ಕೂರಿಸಿಕೊಂಡೇ ಬಿಚ್ಚಿದೆ. ಹೀಗೆ ಸುಟ್ಟರೆ ಕರೆಂಟು, ಹೀಗೆ ಸುಟ್ಟರೆ ಮಿಸ್ತ್ರಿ ಎಂದು ತೋರಿಸಿಕೊಟ್ಟೆ. ಒಂದೆರಡು ಸಲ ನನ್ನದೇ ಕೆಲಸ ಸಿಕ್ಕಿಬಿತ್ತು, ಮತ್ತೆ ಮಾಡಿಕೊಟ್ಟೆ. ಹೆಚ್ಚಾಗಿ ಸಿಕ್ಕಿಬಿದ್ದದ್ದು ಓಣಿಯವರದು. ರೈತರು ಅವರ ಅಂಗಡಿಗೆ ಹೋಗಿ ಬಿಚ್ಚಿ ತೋರಿಸು ಎಂದು ಕೂರತೊಡಗಿದರು. ಮೂವರೂ ಕೂಡಿ ಒಂದು ದಿನ ನನ್ನ ಅಂಗಡಿಗೆ ಬಂದರು. ಕಸುಬಿನ ಒಳಗುಟ್ಟು ಹೊರಗೆ ಹಾಕುವವನು ಮನೆಮುರುಕ ಎಂದರು. ಅವರಲ್ಲಿ ಹಿರಿಯನಾದವನು, "ಲೇ, ನೀ ಸಾಚಾ ಆಗಾಕ ನಮ್ಮ ಹೊಟ್ಟಿ ಮ್ಯಾಲ ಯಾಕ ಕಾಲಿಡ್ತೀ?" ಎಂದ. ಸಾಚಾ ಅಲ್ಲದ್ದಕ್ಕೇ ತೋರಿಸುತ್ತಿದ್ದೇನೆ, ನೀವೂ ತೋರಿಸಿರಿ ಎಂದೆ. ಅಲ್ಲಿಂದ ಮಾತು ಬಿಟ್ಟರು. ನನ್ನ ಮಗಳ ಮದುವೆಗೂ ಬರಲಿಲ್ಲ. ಕರೆದದ್ದೇ ತಪ್ಪು ಎಂದುಕೊಂಡೆ.

ಗೊರೇಬಾಳದ ಆಕೆ ಮತ್ತೆಂದೂ ನನ್ನ ಅಂಗಡಿಗೆ ಬರಲಿಲ್ಲ. ಮೂರು ವರ್ಷದ ಮೇಲೆ ನಾನು ಕಟ್ಟಿಕೊಟ್ಟ ಅದೇ ಮೋಟರ್ ಸುಟ್ಟು ನನ್ನ ಎದುರಿನ ಅಂಗಡಿಯಲ್ಲಿ ಇಳಿಯಿತು. ಆಕೆ ನನ್ನನ್ನು ನೋಡಿದಳು, ನಾನೂ ನೋಡಿದೆ, ಇಬ್ಬರೂ ಮುಖ ತಿರುಗಿಸಿದೆವು. ಆದರೆ ಆ ಅಂಗಡಿಯ ಮಿಸ್ತ್ರಿ ಬಿಚ್ಚುವ ಹೊತ್ತಿಗೆ ನನಗೆ ಕೂರಲು ಆಗಲಿಲ್ಲ. ರಸ್ತೆ ದಾಟಿ ಹೋದೆ. ಒಂದು ಸಲ ಒಳಗೆ ನೋಡುತ್ತೇನೆ ಎಂದು ಕೇಳಿದೆ, ಜೀವಮಾನದಲ್ಲಿ ಆ ಮನುಷ್ಯನ ಹತ್ತಿರ ನಾನು ಕೇಳಿದ್ದು ಅದೊಂದೇ. ಅವನು ಮೋಟರಿನ ಮೇಲೆ ಗೋಣಿಚೀಲ ಎಳೆದ. ಬೇರೆಯವರ ಗಿರಾಕಿಯ ಕೆಲಸದಲ್ಲಿ ನಿನಗೇನು ಕೆಲಸ ಎಂದ.

ಆಗ ಆಕೆ ಎದ್ದು ಬಂದು, ನನ್ನ ಕಡೆ ನೋಡದೆಯೇ ಆ ಗೋಣಿಚೀಲ ತೆಗೆದಳು. "ನೋಡ್ಲಿ ಬಿಡು" ಎಂದಳು ಅವನಿಗೆ.

ಬಗ್ಗಿ ನೋಡಿದೆ. ಸುತ್ತಲೂ ಒಂದೇ ಬಣ್ಣ. ಕರೆಂಟೇ. ಈ ಸಲ ತಪ್ಪು ನನ್ನದಲ್ಲ ಎಂದು ಹೇಳಬೇಕೆನಿಸಿತು. ಆ ಬಣ್ಣವನ್ನು ಓದಲು ಆಕೆಗೆ ಬರುತ್ತಿತ್ತು; ಹೇಳದೆ ತಿರುಗಿ ಬಂದು ನನ್ನ ಕೆಲಸಕ್ಕೆ ಕೂತೆ.