ಗುಮಾಸ್ತರು ಅಂಟಿಸಿದ ತಿದ್ದುಪಡಿ

ಹೋದ ವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಗೇಟಿನ ಹತ್ತಿರ ಹೋದವಳಿಗೆ ಮೊದಲು ಮೂಗಿಗೆ ಬಡಿದದ್ದು ಮೈದಾ ಅಂಟಿನ ವಾಸನೆ. ಆಮೇಲೆ ಕಂಡಿದ್ದು ಕಾಂಪೌಂಡ್ ಗೋಡೆಗೆ ಅಂಟಿಸಿದ್ದ ನೋಟೀಸು. ರಸ್ತೆ ಅಗಲ ಮಾಡುತ್ತಾರಂತೆ, ನಮ್ಮ ಮನೆಯ ಮುಂದಿನ ಆರಡಿ ಹೋಗುತ್ತದಂತೆ, ತಕರಾರಿದ್ದರೆ ಮೂವತ್ತು ದಿನದೊಳಗೆ ಬರೆದು ಕೊಡಬೇಕಂತೆ. ಅಂಟು ಇನ್ನೂ ಹಸಿಯಾಗಿತ್ತು. ಬೆರಳಿಗೆ ಹತ್ತಿಸಿಕೊಂಡು ಮೂಸಿದೆ. ಆರಡಿ ಜಾಗದ ಚಿಂತೆ ಮಗನಿಗೆ, ಸೊಸೆಗೆ. ನನಗೆ ಬಂದದ್ದು ಬೇರೆಯೇ ಸಂಕಟ. ಅವತ್ತಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಎಂಬತ್ತೊಂಬತ್ತರ ಮುದುಕಿಗೆ ಇದೆಲ್ಲ ಬೇಕಿತ್ತಾ?

ಆ ವಾಸನೆ ನನ್ನ ಪಾಲಿಗೆ ಗುಮಾಸ್ತರದು. ಮದುವೆಯಾದ ಮರುವರ್ಷ, ಐವತ್ತೈದನೇ ಇಸವಿಯ ಮೊದಲಲ್ಲಿ, ನಾವು ಅವರ ಮನೆಯ ಒಂದು ಭಾಗಕ್ಕೆ ಬಾಡಿಗೆಗೆ ಬಂದೆವು. ನಮ್ಮವರಿಗೆ ಆ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ಕೆಲಸ. ರಾಜಾಜಿನಗರ ಆಗ ಅರ್ಧ ಬಡಾವಣೆ, ಅರ್ಧ ಹೊಲ. ಒಂದು ಕಡೆ ಕಲ್ಲು ನೆಟ್ಟು ಗುರುತು ಮಾಡಿದ ಸೈಟುಗಳು, ಇನ್ನೊಂದು ಕಡೆ ರಾಗಿ ಪೈರು. ಗುಮಾಸ್ತರ ಮನೆ ಹಳೇ ಹಳ್ಳಿಯ ಕೊನೆಯಲ್ಲಿತ್ತು. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಅವರು ಮತ್ತು ಅವರ ತಾಯಿ, ಇಬ್ಬರೇ. ಆ ಒಕ್ಕಲು ಮನೆತನದಲ್ಲಿ ನಾಲ್ಕಕ್ಷರ ಕಲಿತ ಮೊದಲಿಗರು ಅವರು. ಪೇಟೆಯ ವಕೀಲರೊಬ್ಬರ ಹತ್ತಿರ ಮೂವತ್ತು ವರ್ಷದಿಂದ ಗುಮಾಸ್ತರಾಗಿದ್ದರು.

ಭಾನುವಾರ ಬಂತೆಂದರೆ ಅವರ ಜಗುಲಿಯ ತುಂಬ ಕಾನೂನಿನ ಪುಸ್ತಕಗಳು. ಕಾನೂನು ಬದಲಾದಾಗಲೆಲ್ಲ ಯಾರೂ ಹೊಸ ಪುಸ್ತಕ ಕೊಳ್ಳುತ್ತಿರಲಿಲ್ಲ. ಬದಲಾದ ಸಾಲುಗಳನ್ನು ಅಚ್ಚು ಹಾಕಿದ ಹಾಳೆಗಳು ಬರುತ್ತಿದ್ದವು. ಅವನ್ನು ಚೀಟಿಗಳಾಗಿ ಕತ್ತರಿಸಿ ಹಳೆಯ ಸಾಲಿನ ಮೇಲೆ ಅಂಟಿಸಬೇಕು. ನಾಲ್ಕಾರು ವಕೀಲರು ಆ ಕೆಲಸಕ್ಕೆ ಇವರನ್ನೇ ನಂಬಿದ್ದರು. ಅಂಟು ಕಾಯಿಸುವ ಕೆಲಸ ಮೊದಲ ತಿಂಗಳಲ್ಲೇ ನನ್ನ ಒಲೆಗೆ ಬಂತು. ಮೈದಾಹಿಟ್ಟನ್ನು ಗಂಟಿಲ್ಲದಂತೆ ಕದಡಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ, ಸಣ್ಣ ಉರಿಯಲ್ಲಿ ತಿರುಗಿಸುತ್ತಲೇ ಇರಬೇಕು. ಮೈಲುತುತ್ತ ವಿಷ, ಆ ಪಾತ್ರೆಯನ್ನು ಅಡುಗೆಗೆ ಮುಟ್ಟುವ ಹಾಗಿಲ್ಲ ಅಂತ ಎರಡೆರಡು ಸಲ ಹೇಳಿದ್ದರು.

ಅವರ ಅಂಟಿಸುವ ಕ್ರಮವೇ ಬೇರೆ. ಚೀಟಿಯ ಹಿಂದೆ ಪೂರ್ತಿ ಅಂಟು ಬಳಿಯುತ್ತಿರಲಿಲ್ಲ. ಒಂದೇ ಅಂಚಿಗೆ, ತೆಳ್ಳಗೆ. ಉಳಿದದ್ದನ್ನು ಎತ್ತಿದರೆ ಕೆಳಗಿನ ಹಳೇ ಸಾಲು ಕಾಣುತ್ತಿತ್ತು. ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ, ಪೂರ್ತಿ ಯಾಕೆ ಬಳಿಯಬಾರದು ಅಂತ.

"ಹಳೇದೇನು ಸುಳ್ಳಾ ಅಮ್ಮಣ್ಣಿ? ನಿನ್ನೆವರೆಗೂ ಅದೇ ಕಾನೂನು. ಯಾವುದನ್ನ ಬಿಟ್ಟು ಯಾವುದಕ್ಕೆ ಬಂದ್ವಿ ಅಂತ ಎತ್ತಿ ನೋಡೋ ಹಾಗಿರ್ಬೇಕು" ಅಂದರು.

ನಾನು ಎಸ್ಸೆಸ್ಸೆಲ್ಸಿ ಮಾಡಿದ್ದೆ. ಇಂಗ್ಲಿಷು ಓದಲು ಬರುತ್ತಿತ್ತು. ಅದು ತಿಳಿದ ಮೇಲೆ ಅವರಿಗೆ ಎಲ್ಲಿಲ್ಲದ ಖುಷಿ. ಸಂವಿಧಾನದ ಪುಸ್ತಕ ತೆರೆದು, ಮೊದಲನೇ ತಿದ್ದುಪಡಿಯ ಚೀಟಿ ಎತ್ತಿ ಎತ್ತಿ ತೋರಿಸುತ್ತಿದ್ದರು. ಸಂವಿಧಾನ ಬಂದು ಒಂದೂವರೆ ವರ್ಷ ತುಂಬುವುದರೊಳಗೆ ತಿದ್ದಿದರಲ್ಲ ಅಂತ ಪೇಟೆಯಲ್ಲಿ ಕೆಲವರು ಮೂಗು ಮುರಿದಿದ್ದರಂತೆ. ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಬಹುದು ಎನ್ನುವ ಸಾಲು ಅದರಲ್ಲೇ ಬಂದದ್ದು. "ಇದು ನಮ್ಮಂಥೋರ ಮಕ್ಳಿಗೆ" ಎನ್ನುವಾಗ ಅವರ ದನಿಯೇ ಬದಲಾಗುತ್ತಿತ್ತು. ಮಾತಾಡುವ ಹಕ್ಕಿಗೆ ಹೊಸ ಕಟ್ಟು ಹಾಕಿದ ಚೀಟಿಯೂ ಅದೇ ತಿದ್ದುಪಡಿಯದು. ಅದನ್ನು ತೋರಿಸಿ, "ಬಲಗೈಲಿ ಕೊಟ್ಟು ಎಡಗೈಲಿ ಕಿತ್ಕೊಳ್ಳೋದು ಅಂದ್ರೆ ಇದೇ" ಅಂತ ನಗುತ್ತಿದ್ದರು.

ಆದರೆ ಅವರ ಜೀವ ಇದ್ದದ್ದು ಪುಸ್ತಕದಲ್ಲಲ್ಲ, ಮನೆಯ ಹಿಂದಿನ ಒಂದೂಕಾಲು ಎಕರೆಯಲ್ಲಿ. ಕಾಕಡ ಹೂವಿನ ತೋಟ, ನಡುವೆ ಕಲ್ಲು ಕಟ್ಟಿದ ಬಾವಿ, ಅದರ ಪಡುವಣ ಮಗ್ಗುಲಿಗೆ ಒಂದು ಹುಣಸೆ ಮರ. ಅವರ ತಾಯಿ ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಿ ಪೇಟೆಗೆ ಕಳಿಸುತ್ತಿದ್ದರು. ನನಗೆ ದಿನಾ ಒಂದು ಮೊಳ ತಪ್ಪುತ್ತಿರಲಿಲ್ಲ. ಬಡಾವಣೆಗೆ ಆ ಜಮೀನೂ ಬೇಕೆಂದು ನಾವು ಬರುವ ಮೊದಲೇ ನೋಟೀಸು ಬಂದಿತ್ತು. ಜಮೀನು ಹೋಗುವುದಕ್ಕೆ ಗುಮಾಸ್ತರು ಅಡ್ಡ ಬಂದಿರಲಿಲ್ಲ. "ಊರು ಬೆಳೀಬೇಕಲ್ಲ" ಎನ್ನುತ್ತಿದ್ದರು. ಅವರ ತಕರಾರು ಒಂದೇ. ಅಳೆಯಲು ಬಂದವರು ಅದನ್ನು ಖುಷ್ಕಿ ಅಂತ, ಅಂದರೆ ಮಳೆ ನಂಬಿದ ಒಣಭೂಮಿ ಅಂತ ಬರೆದುಕೊಂಡು ಹೋಗಿದ್ದರು. ಬಾವಿಯ ಮಾತೇ ಇಲ್ಲ, ಹೂವಿನ ಮಾತೇ ಇಲ್ಲ. ತೋಟದ ಬೆಲೆ ಬಂದರೆ ಊರಾಚೆಯ ಉಲ್ಲಾಳ ಎನ್ನುವ ಹಳ್ಳಿಯ ಕಡೆ ಬಾವಿ ಇರುವ ಜಮೀನು ಸಿಗುತ್ತಿತ್ತು. ಖುಷ್ಕಿ ಬೆಲೆಗೆ ಸಿಗುವುದು ಬರೀ ಖುಷ್ಕಿ. ನೀರಿಲ್ಲದ ಕಡೆ ಆ ತಾಯಿ ಏನು ಮಾಡಬೇಕು? ಅದಕ್ಕೇ ಕೋರ್ಟಿಗೆ ಹೋಗಿದ್ದರು. ತಮ್ಮ ವಕೀಲರಿಗೂ ಹೇಳದೆ, ಅರ್ಜಿ ತಾವೇ ಬರೆದು, ತಾವೇ ಹಾಕಿದ್ದರು. ಹೇಳಿದರೆ ಅವರು ಫೀಜು ತೆಗೆದುಕೊಳ್ಳುವುದಿಲ್ಲ, ಆ ಋಣ ಬೇಡ ಅಂತ. ಆಷಾಢದಲ್ಲಿ ವಿಚಾರಣೆ. ಸಾಕ್ಷಿ ಅವರ ತಾಯಿ.

ಬೇಸಿಗೆ ರಜೆ ಮುಗಿದು ಕೋರ್ಟು ತೆರೆದ ಮೇಲೆ, ಒಂದು ಭಾನುವಾರ, ನಾಲ್ಕನೇ ತಿದ್ದುಪಡಿಯ ಚೀಟಿಗಳು ಬಂದವು. ನಾನು ಬಿಸಿ ಅಂಟು ತಂದಿಟ್ಟಾಗ ಗುಮಾಸ್ತರು ಕತ್ತರಿ ಹಿಡಿದುಕೊಂಡು ಹಾಗೇ ಕೂತಿದ್ದರು. ಆಸ್ತಿಯ ಹಕ್ಕಿನ ಮೇಲೆ ಅಂಟಿಸಬೇಕಾದ ಚೀಟಿ ಅದು. ಸಾರ್ವಜನಿಕ ಕೆಲಸಕ್ಕೆ ಆಸ್ತಿ ತೆಗೆದುಕೊಳ್ಳುವ ಯಾವ ಕಾನೂನನ್ನೂ, ಅದು ಕೊಡುವ ಪರಿಹಾರ ಸಾಲದು ಎಂಬ ಕಾರಣಕ್ಕೆ ಯಾವ ಕೋರ್ಟಿನಲ್ಲೂ ಪ್ರಶ್ನಿಸುವ ಹಾಗಿಲ್ಲ. ಅದರ ತಾತ್ಪರ್ಯ ಇಷ್ಟು.

"ಬಾಗಿಲು ಮುಚ್ಚಿದ್ರು ಕಣಮ್ಮಣ್ಣಿ. ಪರಿಹಾರ ಸಾಲ್ದು ಅಂತ ಇನ್ನು ಯಾವ ಕೋರ್ಟಲ್ಲೂ ಕೇಳಂಗಿಲ್ಲ" ಅಂದರು.

ನಾನು ಅವರ ಭುಜದ ಹಿಂದಿನಿಂದ ಓದಿದೆ. ಇನ್ನೊಂದು ಸಲ ಓದಿದೆ. ಕಾನೂನನ್ನು ಪ್ರಶ್ನಿಸಬಾರದು ಅಂತ ಇದೆ, ಸರಿ. ಆದರೆ ಇವರು ಕಾನೂನನ್ನೆಲ್ಲಿ ಪ್ರಶ್ನಿಸಿದ್ದಾರೆ? ತೋಟವನ್ನು ಒಣಭೂಮಿ ಅಂತ ಬರೆದದ್ದು ತಪ್ಪು ಅಂತಷ್ಟೇ ಇವರ ಅರ್ಜಿ... ಹೀಗೊಂದು ಅನುಮಾನ ನನ್ನ ತಲೆಯಲ್ಲಿ ಮೂಡಿತು, ದೇವರಾಣೆ ಮೂಡಿತು. ನಾಲಿಗೆಯ ತುದಿಗೂ ಬಂತು. ಹತ್ತೊಂಬತ್ತರ ಹುಡುಗಿ, ಬಾಡಿಗೆ ಮನೆಯ ಹೊಸ ಹೆಣ್ಣು, ಮೂವತ್ತು ವರ್ಷ ಕಾನೂನಿನ ಪುಸ್ತಕ ಹೊತ್ತವರಿಗೆ ನಾನೇನು ಹೇಳುವುದು ಅಂತ ನುಂಗಿಕೊಂಡೆ. ವಕೀಲರನ್ನು ಒಂದು ಮಾತು ಕೇಳಿ ಅಂತಾದರೂ ಅನ್ನಬಹುದಿತ್ತು. ಅದನ್ನೂ ಅನ್ನಲಿಲ್ಲ. ಅವರೋ, ತಾವಾಗಿ ಕೇಳುವ ಜನವೇ ಅಲ್ಲ. ಯಾವ ಚೀಟಿ ಯಾವ ಪುಟದಲ್ಲಿದೆ ಅಂತ ವಕೀಲರೇ ಇವರನ್ನು ಕೇಳಿ ಅಭ್ಯಾಸ.

ಆ ಚೀಟಿಗೆ ಅವತ್ತು ಅವರು ಒಂದೇ ಅಂಚಿಗಲ್ಲ, ಪೂರ್ತಿ ಅಂಟು ಬಳಿದರು. ಅಂಗೈಯಲ್ಲಿ ಒತ್ತಿ ಒತ್ತಿ ಅಂಟಿಸಿದರು. ನಾನು ಕಾಯಿಸಿದ ಅಂಟು.

ವಿಚಾರಣೆಯ ದಿನ ಬಂತು. ಅವರ ತಾಯಿ ಮುಂಜಾನೆಯೇ ತಲೆಗೆ ನೀರೆರೆದುಕೊಂಡು, ಹಬ್ಬಕ್ಕೆ ಉಡುವ ಸೀರೆಯುಟ್ಟು, ಮಂಕರಿಯ ತುಂಬ ಕಾಕಡ ಮೊಗ್ಗು ಇಟ್ಟುಕೊಂಡು ಜಗುಲಿಗೆ ಬಂದು ಕೂತರು. ನನ್ನನ್ನು ಕಂಡು, "ಖುಷ್ಕೀಲಿ ಈ ಥರ ಹೂ ಬಿಡ್ತದಾ ಸ್ವಾಮಿ ಅಂತ ಕೇಳ್ತೀನಿ ಕಣವ್ವಾ ಜಡ್ಜು ಸಾಹೇಬ್ರನ್ನ. ಮಾತು ಬೇಡ, ಹೂವೇ ಹೇಳ್ತದೆ" ಅಂದರು. ಗುಮಾಸ್ತರು ಒಳಗಿಂದ ಬಂದರು. ಕೋಟು ಹಾಕಿರಲಿಲ್ಲ, ರುಮಾಲು ಸುತ್ತಿರಲಿಲ್ಲ.

"ಇವತ್ತಿಲ್ಲ ಕಣವ್ವಾ" ಅಂದರು ತಾಯಿಗೆ.

"ಇನ್ಯಾವತ್ತು ಮಗಾ?"

ಗುಮಾಸ್ತರು ಒಳಗೆ ಹೋದರು. ಆಕೆ ಮಧ್ಯಾಹ್ನದವರೆಗೂ ಹಾಗೇ ಕೂತಿದ್ದರು. ಬಿಸಿಲು ಜಗುಲಿಗೆ ಬಂದಾಗ ಮಂಕರಿಯನ್ನು ನನ್ನ ಬಾಗಿಲಿಗೆ ತಂದು, "ತಗೋ ತಾಯಿ, ಬಾಡೋಗ್ತವೆ, ಕಟ್ಕೊಂಡು ಮುಡ್ಕೋ" ಅಂದರು. ನಾನು ಕಟ್ಟಿ ಮುಡಿದುಕೊಂಡೆ. ನನಗೆ ನಾಚಿಕೆಯಾಗಬೇಕು.

ಕೋರ್ಟಿನಲ್ಲಿ ಅವತ್ತು ಮೂರು ಸಲ ಅವರ ಹೆಸರು ಕೂಗಿದರಂತೆ. ಯಾರೂ ಇಲ್ಲ, ಸಾಕ್ಷಿಯೂ ಇಲ್ಲ ಅಂತ ಒಣಭೂಮಿಯ ಬೆಲೆಯನ್ನೇ ಕಾಯಂ ಮಾಡಿದರು. ಸುದ್ದಿ ವಕೀಲರ ಕಿವಿಗೆ ಬೀಳುವಷ್ಟರಲ್ಲಿ ಮೇಲಿನ ಕೋರ್ಟಿಗೆ ಹೋಗುವ ಗಡುವೂ ದಾಟಿತ್ತು. ಅವರು ಬಾಡಿಗೆ ಜಟಕಾ ಮಾಡಿಕೊಂಡು ನಮ್ಮ ಹಳ್ಳಿಗೇ ಬಂದರು. ಜಗುಲಿಯ ಮುಂದೆ ನಿಂತು ಕೂಗಾಡಿದ್ದು ನನ್ನ ಅಡುಗೆಮನೆಗೆ ಕೇಳುತ್ತಿತ್ತು.

"ಏನಯ್ಯಾ ನೀನು! ಆ ತಿದ್ದುಪಡಿ ಇರೋದು ಕಾನೂನೇ ಸರಿಯಿಲ್ಲ ಅಂತ ಬರ್ತಾರಲ್ಲ, ಅವ್ರಿಗೆ. ನಿಂದು ಬೆಲೆ ಕಟ್ಟಿದ್ದು ತಪ್ಪು ಅನ್ನೋ ಕೇಸು. ನಿನಗೂ ಅದಕ್ಕೂ ಏನಯ್ಯಾ ಸಂಬಂಧ? ಅದೂ ಅಲ್ದೆ ನಿನ್ನ ಕೇಸು ಶುರುವಾಗಿದ್ದು ಅದಕ್ಕಿಂತ ಮುಂಚೆ. ನನ್ನನ್ನ ಒಂದು ಮಾತು ಕೇಳೋಕೆ ನಿನಗೇನಾಗಿತ್ತು ದಾಡಿ?"

ನನಗೆ ಹೊಳೆದಿದ್ದೇ ಸರಿಯಾಗಿತ್ತು. ರಾತ್ರಿ ಊಟಕ್ಕೆ ಕೂತ ನಮ್ಮವರು, ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿದ್ದ ಹಾಗಾಯ್ತು ಅಂದರು. ಅವರ ಮೇಲೆ ರೇಗಿದೆ. ಯಾಕೆ ಇಷ್ಟು ಸಿಟ್ಟು ಅಂತ ಪಾಪ ಅವರಿಗೆ ಅರ್ಥವಾಗಲಿಲ್ಲ. ನಾನೂ ಹೇಳಲಿಲ್ಲ.

ಆ ವರ್ಷದ ಕೊನೆಯಲ್ಲಿ ತೋಟ ಹೋಯಿತು. ಉಲ್ಲಾಳದ ಹತ್ತಿರ ನೀರಿಲ್ಲದ ಒಂದು ತುಂಡು ಭೂಮಿ ಕೊಂಡರು. ಹಳ್ಳಿಯ ಮನೆ ಮಾರಿ ಅಲ್ಲೇ ಗೂಡು ಕಟ್ಟಿಕೊಂಡರು. ನಾವು ಬೇರೆ ಬಾಡಿಗೆ ಮನೆ ಹಿಡಿದೆವು. ಗುಮಾಸ್ತರು ಅಂಟಿಸುವುದನ್ನು ಮಾತ್ರ ಬಿಡಲಿಲ್ಲ. ಮರುವರ್ಷ ರಾಜ್ಯಗಳನ್ನೆಲ್ಲ ಕೂಡಿಸಿ ಕಳೆದು ಮಾಡಿದ ಏಳನೇ ತಿದ್ದುಪಡಿ ಬಂದಾಗ, ಚೀಟಿಗಳು ಹೇಗೆ ಬಂದಿವೆ ಅಂತ ನನಗೆ ತೋರಿಸಲು ಅಷ್ಟು ದೂರದಿಂದ ನಡೆದು ಬಂದಿದ್ದರು. ಕನ್ನಡದವರು ಹೆಚ್ಚು ಕಡಿಮೆ ಎಲ್ಲ ಒಂದಾದ್ರಲ್ಲ ಅಂತ ಅವರ ಮುಖ ಅರಳಿತ್ತು. ಆ ಮನುಷ್ಯನಿಗೆ ಸಿಟ್ಟೇ ಬರುವುದಿಲ್ಲವೇನೋ ಅಂತ ನನಗೇ ಸಿಟ್ಟು ಬರುತ್ತಿತ್ತು. ತಾಯಿ ಹೇಗಿದ್ದಾರೆ ಅಂದರೆ, "ಹೂ ಕೊಂಡು ಕಟ್ಟೋ ಕಾಲ ಬಂತಲ್ಲ ಅಂತಾಳೆ" ಅಂದರು. ಅಷ್ಟೇ ಅಂದದ್ದು.

ಐವತ್ತೊಂಬತ್ತರಲ್ಲಿ ನಮ್ಮವರಿಗೆ ಬಡಾವಣೆಯಲ್ಲಿ ಈಗ ಈ ಮನೆ ಇರುವ ಸೈಟು ಬಂತು. ಖುಷಿಯಿಂದ ನೋಡಲು ಹೋದೆ. ಪಕ್ಕದಲ್ಲಿ ಹುಣಸೆ ಮರ ನಿಂತಿತ್ತು. ಅದೇ ಮರ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಬೇಡ ಎನ್ನಲು ನಮಗೆಲ್ಲಿತ್ತು ಗತಿ? ಮುಚ್ಚಿಟ್ಟುಕೊಳ್ಳಲಾರದೆ ಉಲ್ಲಾಳಕ್ಕೆ ಹೋಗಿ ಗುಮಾಸ್ತರಿಗೆ ಹೇಳಿದೆ. ಅಷ್ಟರಲ್ಲಿ ಅವರ ತಾಯಿ ಹೋಗಿ ಆರು ತಿಂಗಳಾಗಿತ್ತು. ಗುಮಾಸ್ತರು, "ಒಳ್ಳೇದೇ ಆಯ್ತು ಬಿಡಮ್ಮಣ್ಣಿ, ಗೊತ್ತಿರೋರಿಗೇ ಹೋಯ್ತು" ಅಂದರು. ಮರುದಿನ ತಾವೇ ಬಂದರು. ಕೋಲಿನಲ್ಲಿ ನೆಲದ ಮೇಲೆ ಒಂದು ಸುತ್ತು ಗೆರೆ ಎಳೆದು, "ಇಲ್ಲಿತ್ತು ಬಾವಿ. ಹೊಸ ಮಣ್ಣು, ಕುಸೀತದೆ. ಇದರ ಮೇಲೆ ಪಾಯ ಹಾಕ್ಬೇಡಿ" ಅಂದರು. ಹೋಗುವಾಗ ಚೀಲದಿಂದ ಸಂವಿಧಾನದ ಆ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ವಕೀಲರು ಹೊಸದು ತರಿಸಿ ಹಳೆಯದನ್ನು ಇವರಿಗೇ ಕೊಟ್ಟಿದ್ದರಂತೆ. "ನೀನು ಓದ್ತೀಯ" ಅಂದರು.

ಆಗಲಾದರೂ ಹೇಳಬೇಕಿತ್ತು. ನಾನು ಅವತ್ತೇ ಓದಿದ್ದೆ, ನನಗೆ ಅನುಮಾನ ಬಂದಿತ್ತು ಅಂತ... ಕಾಫಿ ಕುಡಿದು ಹೋಗಿ ಅಂದೆ. ಮತ್ತೆ ಅವರನ್ನು ನೋಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಹೋದರೆಂದು ಯಾರೋ ಹೇಳಿದರು.

ನಿನ್ನೆ ಆ ಪುಸ್ತಕ ಟ್ರಂಕಿನಿಂದ ತೆಗೆದೆ. ಅವರ ಉಳಿದ ಚೀಟಿಗಳೆಲ್ಲ ಇವತ್ತಿಗೂ ಎತ್ತಿದರೆ ಏಳುತ್ತವೆ. ಆ ಒಂದು ಚೀಟಿ ಮಾತ್ರ ಉಗುರು ಹಾಕಿದರೂ ಮಿಸುಕುವುದಿಲ್ಲ. ಇದಕ್ಕೇನೂ ಬೆಲೆಯಿಲ್ಲ ಅಜ್ಜಿ ಅಂದಳು ಮೊಮ್ಮಗಳು. ತಿದ್ದುಪಡಿಗಳು ನೂರು ದಾಟಿವೆ, ಆಸ್ತಿಯ ಹಕ್ಕನ್ನು ಎಪ್ಪತ್ತರ ದಶಕದ ಕೊನೆಯಲ್ಲೇ ಮೂಲಭೂತ ಹಕ್ಕುಗಳಿಂದ ತೆಗೆದು ಬೇರೆ ಕಡೆ ಇಟ್ಟಿದ್ದಾರೆ, ಎಲ್ಲ ಫೋನಿನಲ್ಲೇ ಸಿಗುತ್ತದೆ ಅಂತ ತೋರಿಸಿದಳು. ನೋಡಿದೆ. ಹೊಸ ಸಾಲು ಅಚ್ಚುಕಟ್ಟಾಗಿತ್ತು. ಎತ್ತಿ ನೋಡಲು ಅಂಚಿರಲಿಲ್ಲ.

ಅವಳು ತಕರಾರು ಅರ್ಜಿ ತುಂಬಲು ಕೂತಿದ್ದಳು. "ಕಾರಣ ಏನಂತ ಹಾಕ್ಲಿ ಅಜ್ಜಿ?"

"ಇದು ಖುಷ್ಕಿ ಅಲ್ಲ ಅಂತ ಬರಿ. ಇಲ್ಲಿ ಕಲ್ಲು ಕಟ್ಟಿದ ಬಾವಿ ಇತ್ತು, ಒಂದೂಕಾಲು ಎಕರೆ ಕಾಕಡದ ತೋಟ ಇತ್ತು ಅಂತ ಬರಿ."

"ಅಯ್ಯೋ ಅಜ್ಜಿ, ಅದಕ್ಕೂ ನಮ್ಮ ಆರಡಿಗೂ ಏನು ಸಂಬಂಧ?"

"ಏನೂ ಇಲ್ಲ ಕಣೇ. ಆದ್ರೂ ಬರಿ. ಸಾಕ್ಷಿ ಬೇಕು ಅಂದ್ರೆ ನನ್ನ ಹೆಸರು ಹಾಕು. ಕರೆದ್ರೆ ನಾನೇ ಬರ್ತೀನಿ."

ಅವಳು ನನ್ನ ಮುಖ ನೋಡಿ ಬರೆದಳು. ಓದಿ ಹೇಳು ಅಂದೆ, ಓದಿದಳು. ಎಪ್ಪತ್ತು ವರ್ಷ ತಡವಾಯಿತು. ಕೇಳಬೇಕಾಗಿದ್ದವರು ಇಬ್ಬರೂ ಇಲ್ಲ.