ಕೆಂಪಿನ ಕಡೆ ಹೊಲಿದ ಬಾವುಟ

ಎರಡು ಸಾವಿರ ಇಸವಿ ದಾಟಿದ ಮೇಲಿನ ಆ ವರ್ಷಗಳಲ್ಲಿ ನಾನು ಹಿಂದೂಪುರದ ಒಂದು ಹೊಲಿಗೆ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದೆ. ವಾರಕ್ಕೊಮ್ಮೆ ಮೂಟೆ ಹೊತ್ತು ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗುವುದನ್ನೂ ನನ್ನ ತಲೆಗೇ ಕಟ್ಟಿದ್ದರು. ಮೂಟೆ ಕಂಡರೆ ಕಂಡಕ್ಟರನಿಗೆ ಉರಿ, ಕಂಡಕ್ಟರನನ್ನು ಕಂಡರೆ ನನಗೆ. ಕಲ್ಯಾಣದುರ್ಗದಲ್ಲಿ ನನ್ನ ಅಕ್ಕ, ಅವಳ ಓಣಿಯ ಇನ್ನೂ ಮೂವರು ಹೆಂಗಸರು ಕೈಹೊಲಿಗೆ ಮಾಡಿಕೊಡುತ್ತಿದ್ದರು. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ಆ ಸೂಜಿಯೇ ಅನ್ನ. ಯಾರ ಕೈ ತಪ್ಪಿದರೂ ಅವರಿಗೆ ಮತ್ತೆ ಬಟ್ಟೆ ಕೊಡುವುದಿಲ್ಲ ಅಂತ ಮಾಲೀಕರು ಖಡಾಖಂಡಿತ ಹೇಳಿದ್ದರು.

ಆ ಸಲ ಬಂದದ್ದು ಬಾವುಟದ ಆರ್ಡರು. ಹಿಮದ ಬೆಟ್ಟಗಳ ನಡುವೆ ಆವೊಸ್ತಾ ಅಂತ ಒಂದು ಕಣಿವೆಯಂತೆ. ಇಟಲಿ ದೇಶದೊಳಗೇ ಇದ್ದು ತನ್ನ ಆಡಳಿತ ತಾನೇ ನೋಡಿಕೊಳ್ಳುವ ನಾಡು. ಅದರ ಲಾಂಛನದಲ್ಲಿ ಕಪ್ಪು ಗುರಾಣಿಯ ಮೇಲೆ ಹಿಂಗಾಲಲ್ಲಿ ನಿಂತ ಬಿಳಿ ಸಿಂಹ, ಅದಕ್ಕೆ ಕೆಂಪು ನಾಲಿಗೆ, ಕೆಂಪು ಉಗುರು. ಗುರಾಣಿಯ ಕಪ್ಪು, ನಾಲಿಗೆಯ ಕೆಂಪು, ಇವೆರಡೇ ಸೇರಿ ಬಾವುಟ. ಕೋಲಿನ ಪಕ್ಕಕ್ಕೆ ಕಪ್ಪು, ಆಚೆಗೆ ಕೆಂಪು. ಲಾಂಛನದ ಚಿತ್ರ ನೋಡಿ ಓಣಿಯವರು, ಸಿಂಹಕ್ಕೆ ಬಾಯಾರಿದೆ, ಒಂದು ಲೋಟ ಮಜ್ಜಿಗೆ ಕೊಡಿ ಅಂತ ನಕ್ಕರು. ನನಗೆ ನಗುವಷ್ಟು ತ್ರಾಣ ಇರಲಿಲ್ಲ. ಕೋಲು ತೂರಿಸುವ ಮಡಿಕೆಯನ್ನು ಕಪ್ಪು ಅಂಚಿಗೆ ಕಪ್ಪು ದಾರದಲ್ಲಿ ಹೊಲಿಯಬೇಕು ಅಂತ ನಾಲ್ವರಿಗೂ ಹೇಳಿ ಬಂದೆ.

ಮುಂದಿನ ವಾರ ಹೋಗಿ ಬಿಚ್ಚಿ ನೋಡಿದರೆ ಮೂವರದೂ ಸರಿಯಾಗಿತ್ತು. ಅಕ್ಕನ ಕಟ್ಟಿನ ಒಂದೊಂದು ಬಾವುಟಕ್ಕೂ ಮಡಿಕೆ ಕೆಂಪು ಕಡೆಗೆ ಬಿದ್ದಿತ್ತು.

"ಕರಿ ಕಡೆಯಿಂದ ಯಾರಾದ್ರೂ ಕೆಲ್ಸ ಶುರು ಮಾಡ್ತಾರಾ? ಮೊದಲ ಸೂಜಿ ಕೆಂಪಿಗೇ ಬೀಳಬೇಕು ಕಣಮ್ಮ. ಅಮ್ಮ ಹೇಳಿರ್ಲಿಲ್ವಾ?" ಅಂದಳು ಅಕ್ಕ.

ಅಮ್ಮ ಹೇಳಿದ್ದು ನಿಜ. ಮದುವೆ ರವಿಕೆಗೂ ತೊಟ್ಟಿಲ ಬಟ್ಟೆಗೂ ನಾವು ಹಾಗೆಯೇ ಮಾಡುವುದು. ಆದರೆ ಮೂರು ತಾಸು ಬಸ್ಸಿನಲ್ಲಿ ಜೋತಾಡಿ ಬಂದವಳಿಗೆ ಶಾಸ್ತ್ರ ಹೇಳಿದರೆ ಪಿತ್ತ ನೆತ್ತಿಗೇರದೆ ಇರುತ್ತದೆಯೇ. ಹೀಗೆ ಹಾರಿದರೆ ಅದು ಅವರ ಬಾವುಟವೇ ಅಲ್ಲ, ನಿನ್ನ ಮೌಢ್ಯಕ್ಕೆ ನನ್ನ ಮಾನ ಹೋಗಬೇಕಾ ಅಂತ ಆ ಮೂವರ ಎದುರಿಗೇ ಬೈದುಬಿಟ್ಟೆ. ಅಕ್ಕ ಒಂದಕ್ಕೂ ಎದುರಾಡಲಿಲ್ಲ. ಸಾಮಾನ್ಯವಾಗಿ ಅವಳು ಒಂದಕ್ಕೆ ಎರಡು ಕೊಡುವವಳು.

ಅವರೆಲ್ಲ ಹೋದ ಮೇಲೆ ಇಬ್ಬರೂ ಹೊಸ್ತಿಲ ಬೆಳಕಿನಲ್ಲಿ ಕೂತು ಹೊಲಿಗೆ ಬಿಚ್ಚಿದೆವು. ಕೆಂಪಿನ ಮೇಲೆ ಅವಳ ಕಪ್ಪು ದಾರದ ಹೊಲಿಗೆ ಗೆರೆ ಎಳೆದಷ್ಟು ನೇರವಾಗಿತ್ತು. ಆಮೇಲೆ ಅವಳು ಒಂದು ಬಾವುಟವನ್ನು ತಿರುಗಿಸಿ ಕಪ್ಪು ಅಂಚನ್ನು ಹಿಡಿದಳು. ಹೆಬ್ಬೆರಳಿನಿಂದ ಬಟ್ಟೆ ತಡವಿ, ಸೂಜಿ ಚುಚ್ಚಿ, ಮತ್ತೆ ತಡವಿದಳು. ಮೂರನೇ ಹೊಲಿಗೆ ಮಡಿಕೆ ಬಿಟ್ಟು ಎಲ್ಲೋ ಹೋಯಿತು. ಅದು ಅವಳಿಗೆ ಗೊತ್ತಾಗಲಿಲ್ಲ. ನಾಲ್ಕನೆಯದನ್ನೂ ಅದರ ಪಕ್ಕದಲ್ಲೇ ಹಾಕಿದಳು.

"ಅಕ್ಕಾ," ಅಂದೆ.

"ಕರಿ ಮ್ಯಾಲೆ ಕರಿ ದಾರ ಕಾಣಾಕಿಲ್ಲ ಕಣಮ್ಮ. ಆರು ತಿಂಗ್ಳಾತು," ಅಂದಳು, ತಲೆ ಎತ್ತದೆ. "ಅವ್ರ ಮುಂದೆ ಹೇಳ್ಬ್ಯಾಡ."

ಕಣ್ಣಿಲ್ಲದವಳು ಅನ್ನಿಸಿಕೊಳ್ಳುವುದಕ್ಕಿಂತ ಮೂಢೆ ಅನ್ನಿಸಿಕೊಳ್ಳುವುದು ವಾಸಿ ಅಂತ ಅವಳು ನನ್ನ ಬೈಗುಳವನ್ನೆಲ್ಲ ನುಂಗಿದ್ದಳು. ನನಗೆ ನನ್ನ ನಾಲಿಗೆಯ ಮೇಲೇ ಅಸಹ್ಯವಾಯಿತು. ಅವಳ ಕೈಯಿಂದ ಬಾವುಟ ಕಿತ್ತುಕೊಂಡು ಆ ದಿನ, ಮರುದಿನ ಕೂತು ಅಷ್ಟನ್ನೂ ನಾನೇ ಹೊಲಿದೆ. ಅವಳು ದಾರ ಕತ್ತರಿಸಿ ಕೊಟ್ಟಳು.

ಮೂಟೆ ಕಟ್ಟುವಾಗ ಕೇಳಿದಳು, "ಮುಂದಿನ ಆರ್ಡರು ಯಾವ ಬಣ್ಣ ಕಣಮ್ಮ?"

ಅದೇ ಕಣಿವೆಯವರದು, ಅದೇ ಕಪ್ಪು ಕೆಂಪು, ಈ ಸಲದ ಎರಡರಷ್ಟು, ಆಗಲೇ ಶೆಡ್ಡಿಗೆ ಬಂದು ಬಿದ್ದಿತ್ತು.

"ಬಿಳಿ," ಅಂದೆ.